ಬಿಳಿ ಹಲ್ಲಿನ ಮೇಲೆ ಮಿಸ್ಸಿ

ಸಾನಿಯಾಳಿಗೆ ಕೊರೊನಾ ಕಾಲ ಬಲು ಹಿತವಾಗಿತ್ತು ಎಂದರೆ ನೀವು ನನ್ನನ್ನು ಬೈಯಬಹುದು. ಬೈಯಿರಿ, ಆದರೆ ಮಾತು ಸುಳ್ಳಲ್ಲ. ಊರಿಗೂರೇ ಮಾಸ್ಕಿನೊಳಗೆ ಉಸಿರು ಸಿಕ್ಕದೆ ಒದ್ದಾಡುತ್ತಿದ್ದಾಗ ಈ ಹುಡುಗಿ ಮಾತ್ರ ಹಾಯಾಗಿದ್ದಳು. ವಿಜಯಪುರದ ಜಲನಗರದಲ್ಲೊಂದು ರಕ್ತ ತಪಾಸಣೆಯ ಲ್ಯಾಬು. ಅದರ ಕೌಂಟರಿನಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವುದು ಅವಳ ಕೆಲಸ. ರೋಗ ಹೋಯಿತು, ಮಂದಿ ಮಾಸ್ಕು ಕಿತ್ತೆಸೆದರು, ಇವಳು ಎಸೆಯಲಿಲ್ಲ. ಎಷ್ಟು ಶಿಸ್ತಿನ ಹುಡುಗಿ ಎಂದು ಲ್ಯಾಬಿನ ಯಜಮಾನರು ಬಂದವರೆದುರು ಹೊಗಳಿದರು. ಶಿಸ್ತೂ ಇಲ್ಲ, ಸುಡುಗಾಡೂ ಇಲ್ಲ. ಮಾಸ್ಕಿನ ಹಿಂದೆ ಹಲ್ಲು ಕಾಣುವುದಿಲ್ಲ, ಅಷ್ಟೇ ಅದರ ಗುಟ್ಟು.

ಅವಳ ಮನೆ ಟಿಕೋಟಾದಲ್ಲಿ. ಆದರೆ ಚಿಕ್ಕವಳಿದ್ದಾಗ ಬೆಳೆದದ್ದು ತಾಯಿ ಶಮಾಳ ತವರಾದ ಕನಮಡಿಯಲ್ಲಿ. ಆ ಮನೆಯ ಹಿತ್ತಲಿನ ಬೋರಿನ ನೀರು ಕುಡಿಯಲು ಸವಿ, ಹಲ್ಲಿಗೆ ವಿಷ. ಹಾಲುಹಲ್ಲು ಬಿದ್ದು ಹೊಸವು ಬಂದಾಗ ಅವುಗಳ ಮೇಲೆ ಕಂದು ಪಟ್ಟೆ, ನಡುನಡುವೆ ಸುಣ್ಣ ಮೆತ್ತಿದಂಥ ಚುಕ್ಕೆ. ಪಾಪ, ಹುಡುಗಿ ಏನು ಕಡಿಮೆ ತಿಕ್ಕಿದಳೇ? ಬೂದಿ, ಉಪ್ಪು, ಬೇವಿನ ಕಡ್ಡಿ, ಲಿಂಬೆಯ ಸಿಪ್ಪೆ, ಟಿವಿಯಲ್ಲಿ ಬರುವ ಪೇಸ್ಟುಗಳು, ಒಂದನ್ನೂ ಬಿಡಲಿಲ್ಲ. ಕಲೆ ಹಲ್ಲಿನ ಮೇಲಿದ್ದರೆ ತಾನೇ ಹೋಗುವುದು? ಅದು ಹಲ್ಲಿನ ಒಳಗೇ ಮನೆ ಮಾಡಿತ್ತು.

ಬಬಲೇಶ್ವರದ ತೌಸೀಫನ ಜೊತೆ ಅವಳ ಮದುವೆ ನಿಶ್ಚಯವಾಯಿತು. ತೌಸೀಫನದು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಕೈಗೆ ಸದಾ ವಾರ್ನಿಷಿನ ವಾಸನೆ, ಮನಸ್ಸು ಹೂವು. ಸಂಜೆ ಅಂಗಡಿ ಮುಚ್ಚುವ ಮೊದಲು ವಿಡಿಯೋ ಕಾಲ್ ಮಾಡುತ್ತಿದ್ದ. ಇವಳು ತುಟಿ ಬಿಗಿ ಹಿಡಿದು, ದುಪಟ್ಟಾದ ಸೆರಗು ಗದ್ದಕ್ಕೆ ಒತ್ತಿ ಮಾತಾಡುತ್ತಿದ್ದಳು.

"ಇಷ್ಟ ದಿನಾ ಆತು, ನೀ ನಕ್ಕಿದ್ದ ನಾ ಒಮ್ಮೆನೂ ನೋಡಿಲ್ಲ ನೋಡು," ಎಂದ ಒಂದು ದಿನ.

"ನಗೂವಂಥಾದ್ದ ನೀವೇನ್ ಹೇಳೀರಿ?"

"ಹೇಳೇನಿ. ನಿನ್ನ ಕಣ್ಣಷ್ಟ ನಗತಾವ, ಬಾಯಿ ನಗೂದಿಲ್ಲ. ಇರಲಿ, ಲಗ್ನದ ದಿನಾ ಬಿಡೂದಿಲ್ಲ. ನಿನ್ನ ನಗಿ ನೋಡೇ ಮುಂದಿನ ಮಾತು."

ಹಲ್ಲಿನ ವಿಷಯ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಅವನ ಅಕ್ಕ ಹೆಣ್ಣು ನೋಡಲು ಬಂದಾಗಲೇ ಕಂಡು ಹೇಳಿದ್ದಳು, ಅವನು ಆಗಲಿ ಬಿಡು ಎಂದಿದ್ದ. ಆದರೆ ಅವನು ಆಗಲಿ ಬಿಡು ಎಂದರೆ ಸಾಲದಲ್ಲ, ಇವಳ ಮನಸ್ಸು ಎನ್ನಬೇಕಲ್ಲ. ಮದುವೆಯ ದಿನ ಅವನೆದುರು ಬಾಯಿ ತುಂಬ ನಗಬೇಕು. ಕೈ ಅಡ್ಡ ಬರಬಾರದು, ಸೆರಗು ಅಡ್ಡ ಬರಬಾರದು. ಬೇರೆ ಬಂಗಾರ, ಬೆಳ್ಳಿ, ಏನೂ ಅವಳಿಗೆ ಬೇಕಾಗಿರಲಿಲ್ಲ.

ಲ್ಯಾಬಿನ ಮೇಲಿನ ಮಹಡಿಯಲ್ಲೇ ದಂತವೈದ್ಯೆ ಅನುರಾಧಾ ಅವರ ದವಾಖಾನೆ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಸಾನಿಯಾ ಮೆಟ್ಟಿಲು ಹತ್ತಿದಳು, ಮಾಸ್ಕು ತೆಗೆದಳು. ಅನುರಾಧಾ ಬಾಯಿಗೆ ಬೆಳಕು ಹಿಡಿದು ನೋಡಿ ಕನಿಕರವನ್ನೂ ತೋರಲಿಲ್ಲ, ಆಸೆಯನ್ನೂ ಹಚ್ಚಲಿಲ್ಲ.

"ನೋಡು ಸಾನಿಯಾ, ಜೆಲ್ ಅಂದ್ರ ಮಂತ್ರದ ನೀರಲ್ಲ," ಎಂದರು. "ನಿನ್ನ ಹಲ್ಲಿನ ಅಚ್ಚು ತಗೊಂಡು ಹಲ್ಲಿಗೆ ಹೊಂದೂವಂಥಾ ತೆಳ್ಳನ ತಟ್ಟಿ ಮಾಡಿ ಕೊಡ್ತೀನಿ, ಅದರಾಗ ಹಗುರಾದ ಜೆಲ್ ಹಾಕಿ ದಿನಾ ಹೇಳಿದಷ್ಟ ಹೊತ್ತು ಇಟ್ಕೋಬೇಕು. ವಾರಗಟ್ಟಲೆ ಹಿಡೀತದ. ಕಂದು ಬಣ್ಣ ತಿಳಿ ಆಗ್ತದ. ಬಿಳೀ ಚುಕ್ಕಿ ಮೊದಮೊದಲ ಇನ್ನೂ ಎದ್ದು ಕಾಣ್ತಾವ, ಆಮ್ಯಾಲ ಒಂಚೂರು ಹೊಂದ್ಕೋತಾವ. ಪೂರಾ ಹಾಲಿನಂಗ ಆಗ್ತಾವ ಅಂತ ನಾ ಹೇಳೂದಿಲ್ಲ."

"ಲಗೂನ ಆಗೂವಂಥಾದ್ದ ಇಲ್ಲೇನ್ರಿ ಮೇಡಂ?"

"ಖಾರಾದ್ದೂ ಅದ. ಅದನ್ನ ನಾವ ಇಲ್ಲೇ ಕುಂಡ್ರಿಸಿ, ವಸಡಿಗೆ ಲೇಪ ಹಚ್ಚಿ ಹಾಕಬೇಕು. ನಿನ್ನ ಹಲ್ಲಿಗೆ ಅದು ಬ್ಯಾಡ, ಜುಮ್ ಅಂದು ಜೀವಾ ತಿಂತದ. ಇನ್ನೊಂದು ಕೇಳು. ಜೆಲ್ ಹಚ್ಚಿದ ಹಲ್ಲು ಹಸೀ ಗ್ವಾಡಿ ಇದ್ದಂಗ. ಎರಡು ದಿನಾ ಚಹಾ, ಅರಿಷಿಣ, ದಾಳಿಂಬ್ರಿ, ಎಲಿ-ಅಡಿಕಿ ಮುಟ್ಟಬ್ಯಾಡ. ಬಣ್ಣಾ ಹೀರ್ಕೋತಾವ."

ಸಾನಿಯಾ ತಲೆಯಾಡಿಸಿದಳು. ತಟ್ಟೆ ಒಯ್ದಳು, ಜೆಲ್ ಹಾಕಿಕೊಂಡಳು, ದಿನಾ ಕನ್ನಡಿ ನೋಡಿದಳು. ಡಾಕ್ಟರು ಹೇಳಿದ ಹಾಗೆಯೇ ಕಂದು ತಿಳಿಯಾಗುತ್ತ ಬಂತು, ಸುಣ್ಣದ ಚುಕ್ಕೆ ಮೊದಲಿಗಿಂತ ಎದ್ದು ಕಂಡಿತು. ಇನ್ನಷ್ಟು ದಿನ ತಾಳಿದ್ದರೆ ಏನಾಗುತ್ತಿತ್ತು? ಎಲ್ಲ ಸರಿಹೋಗುತ್ತಿತ್ತು. ಆದರೆ ಮದುವೆ ಬಾಗಿಲಿಗೆ ಬಂದ ಹುಡುಗಿಗೆ ತಾಳು ಎಂದು ಹೇಳಿ ನೋಡಿ.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವಳ ಗೆಳತಿ ರುಕ್ಸಾರಳ ಬ್ಯೂಟಿ ಪಾರ್ಲರು. ರುಕ್ಸಾರ ಫೋನಿನಲ್ಲಿ ತರಿಸಿದ ಒಂದು ಟ್ಯೂಬು ತೋರಿಸಿದಳು. ಅದರ ಮೇಲೆ ನಗುವ ಪರದೇಶದ ಹೆಂಗಸಿನ ಚಿತ್ರ. ಮಾಡಿದವರು ಯಾರು, ಎಲ್ಲಿಯವರು, ಒಳಗಿರುವ ಮದ್ದು ಎಷ್ಟು ಖಾರ, ಒಂದಕ್ಷರ ಇರಲಿಲ್ಲ. ಗೊಬ್ಬರದ ಚೀಲದ ಮೇಲೂ ಇದಕ್ಕಿಂತ ಹೆಚ್ಚು ಬರೆದಿರುತ್ತಾರೆ.

"ಡಾಕ್ಟರ್ ಕೊಟ್ಟಿದ್ದು ಮಕ್ಕಳ ಔಷಧ ಬೇ. ಖರೇ ಜೆಲ್ ಅಂದ್ರ ಇದು," ಎಂದಳು ರುಕ್ಸಾರ. ವಸಡಿಗೆ ಲೇಪದ ಬದಲು ಹತ್ತಿ ತುರುಕಿ, ಹಲ್ಲಿಗೆ ಜೆಲ್ ಮೆತ್ತಿ, ಬಾಯಿಯ ಮುಂದೆ ನೀಲಿ ದೀಪ ಹಿಡಿದಳು. ಆ ದೀಪದಿಂದ ಹಲ್ಲಿಗೆ ಆಗುವುದು ಅಷ್ಟಕ್ಕಷ್ಟೇ. ಆಗುವುದೆಲ್ಲ ಕೂತವರ ಮನಸ್ಸಿಗೆ. ಮುಗಿದಾಗ ವಸಡು ಬೆಂದ ಮೊಟ್ಟೆಯ ಸಿಪ್ಪೆಯಂತೆ ಬಿಳಿಚಿತ್ತು. ಬಸ್ಸಿನ ಕಿಟಕಿಯ ಗಾಳಿ ಹಲ್ಲಿಗೆ ಸೋಕಿದರೆ ಸೂಜಿ ಚುಚ್ಚಿದಂತಾಗಿ ಕಣ್ಣಲ್ಲಿ ನೀರು. ಆದರೂ ಮತ್ತೆ ಹೋದಳು. ಮತ್ತೆ ಮತ್ತೆ ಹೋದಳು.

ಕೆಲಸ ಮಾಡಲಿಲ್ಲ ಎಂದು ನಾನು ಹೇಳಲಾರೆ. ಮಾಡಿತು. ಹಲ್ಲು ಬೆಳ್ಳಗಾದವು. ಪಟ್ಟೆಯೂ ಚುಕ್ಕೆಯೂ ಒಂದರೊಳಗೊಂದು ಕರಗಿ, ಬಾಯಿಗೆ ಬಾಯೇ ಬೆಳಕಾಯಿತು.

ಅವಳ ಮೊದಲ ತುಂಬು ನಗು ಅಮ್ಮನ ಪಾಲಿಗೆ ಬಂತು. ಸಂಜೆ ಶಮಾ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸಾನಿಯಾ ಬಾಗಿಲಲ್ಲಿ ನಿಂತು "ಅಮ್ಮಾ, ಇಲ್ಲಿ ನೋಡು" ಎಂದು ನಕ್ಕಳು. ಶಮಾ ತಿರುಗಿ ನೋಡಿದಳು, ಕೈಯಲ್ಲಿದ್ದ ರೊಟ್ಟಿ ಹೆಂಚಿಗೆ ಬೀಳದೆ ಒಲೆಯ ಬೂದಿಗೆ ಬಿತ್ತು.

"ಹಂಗ ನಗಬ್ಯಾಡ," ಎಂದಳು.

"ಯಾಕ?"

"ಬ್ಯಾಡಂದ್ನೆಲ್ಲ. ಬಾಗಲದಾಗ ನಿಂತು ಹಂಗ ನಗಬ್ಯಾಡ."

ತಂದೆ ದಾದಾಸಾಬ ಒಣದ್ರಾಕ್ಷಿಯ ಶೆಡ್ಡಿನಿಂದ ಬಂದ. ಮಗಳ ನಗು ಕಂಡು, ಕೈಗೆತ್ತಿಕೊಂಡಿದ್ದ ಚಹಾ ಹಾಗೇ ಇಟ್ಟು ಹೊರಗೆ ಹೋದ. ಸಾನಿಯಾಳಿಗೆ ಅಳು ಬಂತು. ಇಷ್ಟೆಲ್ಲ ನೋವು ತಿಂದು ಪಡೆದ ನಗುವನ್ನು ಹೆತ್ತವರೇ ಹೀಗೆ ಕಂಡರೆ ಯಾರಿಗೆ ಬರುವುದಿಲ್ಲ?

ಒಬ್ಬಳು ಮಾತ್ರ ಮುಖ ತಿರುಗಿಸಲಿಲ್ಲ. ದಾದಾಸಾಬನ ತಾಯಿ ಪೀರಾಂಬಿ, ಸಾನಿಯಾ 'ದಾದಿ' ಎಂದು ಕರೆಯುವ ಅಜ್ಜಿ. ಪಡಸಾಲೆಯ ಹೊರಸಿನ ಮೇಲೆ ಕೂತಿದ್ದ ಮುದುಕಿ ಮೊಮ್ಮಗಳ ಬಾಯನ್ನೇ ಬಹಳ ಹೊತ್ತು ನೋಡಿ ಮೆಲ್ಲಗೆ ಕೇಳಿದಳು:

"ಬಂದೇನ ಸುರೈಯಾ?"

ಸುರೈಯಾ ಯಾರೆಂದು ಹೇಳಿಬಿಡುತ್ತೇನೆ, ಮನೆಯವರು ಹೇಳುವುದಿಲ್ಲ. ಪೀರಾಂಬಿಯ ಮಗಳು, ದಾದಾಸಾಬನ ತಂಗಿ. ಸಾನಿಯಾ ಹುಟ್ಟುವುದಕ್ಕೂ ಮುಂಚೆ ಸತ್ತವಳು. ಅವಳ ಹಲ್ಲೆಂದರೆ ಟಿಕೋಟಾದ ಹೆಂಗಸರು ಇಂದಿಗೂ ಒಮ್ಮೆ ಉಸಿರೆಳೆದುಕೊಂಡು ಮಾತಾಡುತ್ತಾರೆ, ಅಷ್ಟು ಬಿಳುಪು. ಈ ಮನೆತನದಲ್ಲಿ ಮದುವೆಯ ಹಿಂದಿನ ದಿನ ಹೆಣ್ಣಿನ ಹಲ್ಲಿಗೆ ಮಿಸ್ಸಿ ಹಚ್ಚುವ ಪದ್ಧತಿ. ಮಿಸ್ಸಿ ಎಂದರೆ ಮಾಚಿಕಾಯಿ, ಅಳಲೆಕಾಯಿ, ಕಬ್ಬಿಣದ ಕಿಟ್ಟ ಹುರಿದು ಅರೆದ ಕಪ್ಪು ಪುಡಿ. ಹಿಂದೆ ಹೆಂಗಸರು ಅದನ್ನು ದಿನಾ ತಿಕ್ಕಿ ಹಲ್ಲು ಕರ್ರಗೆ ಮಾಡಿಕೊಳ್ಳುತ್ತಿದ್ದರು, ಅದೇ ಆಗಿನ ಚೆಲುವು. ಪೀರಾಂಬಿಯ ಬಾಯಲ್ಲಿ ಉಳಿದ ಹಲ್ಲುಗಳು ಈಗಲೂ ಕಪ್ಪು. ಈಚಿನವರಿಗೆ ಅದು ಶಾಸ್ತ್ರ ಮಾತ್ರ: ಒಂದು ಬೆರಳು ಸವರುವುದು, ನಗುವುದು, ಬಾಯಿ ಮುಕ್ಕಳಿಸುವುದು, ಮುಗಿಯಿತು. ಬಿಳಿ ಹಲ್ಲಿನ ಮದುಮಗಳಿಗೆ ನೆದರು, ಎಂದರೆ ಕೆಟ್ಟ ದೃಷ್ಟಿ, ಬೇಗ ತಾಗುತ್ತದೆ, ಕಪ್ಪು ಕಂಡರೆ ಅದು ಹಿಂದೆ ಸರಿಯುತ್ತದೆ ಎಂಬುದು ಪೀರಾಂಬಿಯ ನಂಬಿಕೆ. ಸುರೈಯಾ ಹಟ ಹಿಡಿದು ಹಚ್ಚಿಸಿಕೊಳ್ಳಲಿಲ್ಲ. ಮಾರನೆಯ ಬೆಳಿಗ್ಗೆ ಗಂಡಿನ ಕಡೆಯವರ ಟೆಂಪೋ ಊರು ಮುಟ್ಟುವ ಮೊದಲೇ ಹೊಲದ ಬಾವಿಗೆ ಬಿದ್ದಳು. ಕಾಲು ಜಾರಿತು ಎಂದರು, ಜಾರಿದ್ದೂ ಇರಬಹುದು. ಮದುಮಗ ಅವಳ ಮುಖವನ್ನೇ ನೋಡಲಿಲ್ಲ. ಮೈ ತೊಳೆದವಳು ಪೀರಾಂಬಿಯೇ. ಗದ್ದಕ್ಕೆ ಬಟ್ಟೆ ಕಟ್ಟಿದರೂ ತುಟಿ ಮುಚ್ಚಲಿಲ್ಲವಂತೆ, ಕಫನ್ ಬಟ್ಟೆ ಸುತ್ತುವವರೆಗೂ ಹಲ್ಲು ಕಾಣುತ್ತಲೇ ಇದ್ದವಂತೆ.

ಇದನ್ನೆಲ್ಲ ಅಮ್ಮನಿಂದ ಹಿಂಡಿ ಹಿಂಡಿ ಕೇಳಿ ತಿಳಿದ ಮೇಲೆ ಸಾನಿಯಾಳಿಗೆ ನಗುವುದಕ್ಕೇ ಅಂಜಿಕೆಯಾಯಿತು. ನಕ್ಕರೆ ಮನೆ ಸುಮ್ಮನಾಗುತ್ತಿತ್ತು. ಟಿಕೋಟಾದ ಬಸ್‌ಸ್ಟ್ಯಾಂಡಿನಲ್ಲಿ ಬಳೆ ಮಾರುವ ನೀಲಾಬಾಯಿ ಎಂಬ ಮುದುಕಿ ಒಂದು ದಿನ ಅವಳ ಹಲ್ಲು ಕಂಡು ಕೈ ಹಿಡಿದು, "ನೀ ಪೀರಾಂಬಿ ಮಗಳಲ್ಲೇನ?" ಎಂದು ಕೇಳಿದಳು. ಆಮೇಲೆ ತಾನೇ, "ಆಕಿ ಸತ್ತಾಳಲ್ಲ," ಎಂದು ಕೈ ಬಿಟ್ಟಳು. ಆ ಹಿಡಿತ ಬಿಟ್ಟ ರೀತಿ ಸಾನಿಯಾಳಿಗೆ ಇಡೀ ದಾರಿ ಕೈಯಲ್ಲೇ ಉಳಿಯಿತು.

ಇನ್ನೊಂದು ಸಂಜೆ ಬಸ್ಸಿಳಿದು ಮನೆಗೆ ಬಂದರೆ ಪೀರಾಂಬಿ ಹೊಸ್ತಿಲಲ್ಲಿ ಕೂತಿದ್ದಳು. ಮೊಮ್ಮಗಳನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಈಗರ ನಕ್ಕೊಂತ ಒಳಗ ಹೋದೆಲ್ಲ. ಮತ್ತ ಹೊರಗಿಂದ ಹ್ಯಾಂಗ ಬಂದಿ?"

"ನಾ ಈಗ ಬರಾಕತ್ತೇನಿ ದಾದಿ. ಒಳಗ ಯಾರ ಹೋದ್ರು?"

ಮುದುಕಿ ಒಳಮನೆಯ ಕಡೆ ಕಿವಿಗೊಟ್ಟು ಕೂತಳು. ಸಾನಿಯಾ ಚಪ್ಪಲಿ ಬಿಡದೆ ಒಳಗೆ ಹೋದಳು. ಪಡಸಾಲೆ, ಅಡಿಗೆಮನೆ, ಹಿತ್ತಲು, ಎಲ್ಲ ಕಡೆ ನೋಡಿದಳು. ಶಮಾ ನೆರೆಮನೆಗೆ ಹೋಗಿದ್ದಳು. ಮನೆಯಲ್ಲಿ ಯಾರೂ ಇರಲಿಲ್ಲ. ಮುದುಕಿಗೆ ಎಂಬತ್ತಾಯಿತು, ಕಣ್ಣಿಗೆ ಪೊರೆ, ಏನೋ ಕಂಡಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡರೂ ಆ ಹೊತ್ತು ಹಿತ್ತಲಿನಲ್ಲಿ ಮುಖ ತೊಳೆಯಲು ಧೈರ್ಯ ಬರಲಿಲ್ಲ.

"ಅಮ್ಮಾ, ನಾ ನಕ್ಕರ ನೀವೆಲ್ಲಾ ಯಾರನ್ನ ನೋಡ್ತೀರಿ?" ಎಂದು ಕೊನೆಗೆ ಕೇಳಿಯೇಬಿಟ್ಟಳು.

ಶಮಾ ಕಣ್ಣು ತಗ್ಗಿಸಿದಳು.

"ನನಗ ಗೊತ್ತೈತಿ ಬಿಡು. ತೌಸೀಫ ಆಕಿನ್ನ ನೋಡಿಲ್ಲ. ಆಕಿ ಹೆಸರೂ ಅಂವಗ ಗೊತ್ತಿಲ್ಲ. ನಾ ನಕ್ಕರ ಅಂವಾ ನನ್ನ ಅಷ್ಟ ನೋಡ್ತಾನ. ನನಗ ಅಷ್ಟ ಸಾಕು."

ಹೌದು, ಅವಳಿಗೆ ಅಷ್ಟೇ ಬೇಕಾಗಿತ್ತು. ಇಡೀ ಲೋಕದಲ್ಲಿ ಅವಳ ನಗುವಿನಲ್ಲಿ ಅವಳನ್ನೇ ಕಾಣುವ ಒಬ್ಬ ಮನುಷ್ಯ. ಅತಿಯಾಸೆ ಎಂದು ಯಾರು ಹೇಳಿಯಾರು?

ಮದುವೆಯ ಹಿಂದಿನ ದಿನ ಬೆಳಿಗ್ಗೆ ರುಕ್ಸಾರಳ ಪಾರ್ಲರಿಗೆ ಹೋಗಿ ಕೊನೆಯ ಸಲ ಜೆಲ್ ಹಾಕಿಸಿಕೊಂಡು ಬಂದಳು. ರುಕ್ಸಾರ ಆವತ್ತು ಉಳಿದದ್ದನ್ನೆಲ್ಲ ಹಿಂಡಿ ಹಾಕಿದ್ದಳು. ನೋವಿಗೆ ಸಾನಿಯಾಳ ಕಿವಿಯವರೆಗೂ ಸೆಳೆತ. ಆದರೂ ಅನುರಾಧಾ ಹೇಳಿದ್ದನ್ನು ಮರೆತಿರಲಿಲ್ಲ. ಚಹಾ ಮುಟ್ಟಲಿಲ್ಲ. ಮಧ್ಯಾಹ್ನ ಬಿಳಿ ಅನ್ನ, ಮೊಸರು. ಸಂಜೆ ಅರಿಷಿಣದ ಶಾಸ್ತ್ರಕ್ಕೆ ಹೆಂಗಸರು ಸೇರಿದಾಗ, "ಕುತ್ತಿಗಿ ಕೆಳಗ ಹಚ್ರಿ, ಬಾಯಿ ಕಡೆ ತರಬ್ಯಾಡ್ರಿ" ಎಂದು ಗೋಗರೆದಳು. ಅವರು ನಕ್ಕರು, ಒಪ್ಪಿದರು. ವೀಳ್ಯ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಇಷ್ಟು ಜೋಪಾನ ಮಾಡಿದ ಹುಡುಗಿ ಅದು.

ಅರಿಷಿಣ ಮುಗಿದ ಮೇಲೆ ಪೀರಾಂಬಿ ಗೋಡೆ ಹಿಡಿದುಕೊಂಡು ಬಂದಳು, ಕೈಯಲ್ಲಿ ಹಿತ್ತಾಳೆಯ ಭರಣಿ. ಹೆಂಗಸರು ಸರಿದು ಜಾಗ ಮಾಡಿದರು. ಮುದುಕಿ ಸಾನಿಯಾಳ ಎದುರು ಕುಕ್ಕರಗಾಲಲ್ಲಿ ಕೂತು ಮುಚ್ಚಳ ತೆಗೆದಳು. ಒಳಗೆ ಮಿಸ್ಸಿ.

"ಬಾಯಿ ತಗಿ ಸುರೈಯಾ."

"ದಾದಿ, ಬ್ಯಾಡ. ನಾ ಸಾನಿಯಾ."

"ಅವತ್ತೂ ಬ್ಯಾಡಂದಿ. ನಾ ನಿನ್ನ ಮಾತ ಕೇಳಿದ್ನಿ." ಮುದುಕಿ ಭರಣಿಗೆ ಬೆರಳು ಅದ್ದಿದಳು. "ತಾಯಾಗಿ ಅಷ್ಟ ಕೇಳಬಾರದಿತ್ತು. ಇವತ್ತ ಕೇಳೂದಿಲ್ಲ, ಬಾಯಿ ತಗಿ ನನ್ನವ್ವ."

ಪೊರೆ ಬಂದ ಕಣ್ಣಿನಿಂದ ನೀರು ಇಳಿಯಿತು. ಶಮಾ ಮಗಳ ಬೆನ್ನ ಮೇಲೆ ಕೈಯಿಟ್ಟು, "ಒಂದು ಬೆರಳು ಹಚ್ಚಲಿ ಬಿಡವ್ವ. ನನಗೂ ಹಚ್ಚಿದ್ರು, ಮುಕ್ಕಳಿಸಿದ ಕೂಡಲೇ ಹೋತು. ಮುದುಕಿ ಜೀವಾ ತಣ್ಣಗಾಗ್ಲಿ," ಎಂದಳು. ಅಲ್ಲಿದ್ದವರೆಲ್ಲ ಹೂಂಗುಟ್ಟಿದರು. ಅವರೆಲ್ಲರ ಹಲ್ಲಿಗೂ ಒಂದು ಕಾಲಕ್ಕೆ ಹಚ್ಚಿದ್ದರು, ಎಲ್ಲರದೂ ಹೋಗಿತ್ತು. ಅನುರಾಧಾ ಚಹಾ ಎಂದಿದ್ದರು, ಅರಿಷಿಣ ಎಂದಿದ್ದರು, ಎಲೆ ಅಡಿಕೆ ಎಂದಿದ್ದರು. ಮಿಸ್ಸಿ ಎಂದಿರಲಿಲ್ಲ. ಅನ್ನುವುದಾದರೂ ಹೇಗೆ? ಅಂಥದೊಂದು ವಸ್ತು ಲೋಕದಲ್ಲಿ ಇನ್ನೂ ಉಳಿದಿದೆ ಎಂದು ಜಲನಗರದ ಡಾಕ್ಟರಿಗೆ ಗೊತ್ತಿದ್ದರೆ ತಾನೇ? ಸಾನಿಯಾಳಿಗೂ ಹೊಳೆಯಲಿಲ್ಲ. ಅಜ್ಜಿಯ ಕಣ್ಣೀರು ನೋಡಲಾರದೆ ಬಾಯಿ ತೆರೆದಳು.

ಪೀರಾಂಬಿಯ ಬೆರಳು ತಣ್ಣಗಿತ್ತು. ಒಂದೊಂದೇ ಹಲ್ಲಿಗೆ, ಮೇಲಿನಿಂದ ಕೆಳಗೆ, ಒತ್ತಿ ಒತ್ತಿ ಸವರಿದಳು. ಕಬ್ಬಿಣದ ಚಿಲಕ ನೆಕ್ಕಿದಂಥ ರುಚಿ, ಮೇಲೆ ಒಗರು. ಬೆಂದ ವಸಡಿಗೆ ಪುಡಿ ತಾಗಿ ಉರಿ ಎದ್ದಿತು. ಮುಗಿಸಿದಾಗ ಹೆಂಗಸರು ಚಪ್ಪಾಳೆ ತಟ್ಟಿದರು.

ಸಾನಿಯಾ ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಕಪ್ಪು ನೀರು ಹೋಯಿತು. ಮತ್ತೆ ಮುಕ್ಕಳಿಸಿದಳು, ಬೂದು ನೀರು. ಕೊನೆಗೆ ನೀರು ತಿಳಿಯಾಗಿ ಬಂತು. ಹಿಂದೆಯೇ ಟಾರ್ಚು ಹಿಡಿದು ನಿಂತಿದ್ದ ಶಮಾ, "ನೋಡೋಣ, ಬಾಯಿ ತಗಿ," ಎಂದಳು. ತೆರೆದಳು. ಶಮಾ ಟಾರ್ಚು ಆರಿಸಿಬಿಟ್ಟಳು.

"ಹೋಗಿಲ್ಲೇನ?" ಎಂದು ಕೇಳಿದಳು ಸಾನಿಯಾ.

ಸಾನಿಯಾ ಫೋನು ತೆಗೆದು ತನ್ನದೇ ಚಿತ್ರ ಹಿಡಿದು ನೋಡಿದಳು. ಹಲ್ಲುಗಳು ನೀಲಿಗಪ್ಪು. ಜೆಲ್ ತಿಂದು ಹಸಿಯಾಗಿದ್ದ ಹಲ್ಲು ಮಿಸ್ಸಿಯನ್ನು ಕುಡಿದುಬಿಟ್ಟಿತ್ತು. ಎಲ್ಲಿ ಸುಣ್ಣದ ಚುಕ್ಕೆ ಇತ್ತೋ ಅಲ್ಲಿ ಇನ್ನೂ ಗಾಢವಾಗಿ. ಬ್ರಶ್ಶು ಹಾಕಿದಳು, ಉಪ್ಪು ಹಾಕಿದಳು, ಲಿಂಬೆ ಹಿಂಡಿದಳು. ಲಿಂಬೆ ತಾಗಿದಾಗ ಕಿರುಚುವಂತಾಯಿತು. ತಟ್ಟೆಗೆ ಉಳಿದ ಜೆಲ್ ಸುರಿದುಕೊಂಡು ಬಾಯಿಗಿಡಲು ಹೊರಟವಳನ್ನು ಶಮಾ ಕೈ ಹಿಡಿದು ನಿಲ್ಲಿಸಿ ಅನುರಾಧಾ ಅವರಿಗೆ ಫೋನು ಹಚ್ಚಿಕೊಟ್ಟಳು.

ಅನುರಾಧಾ ಎಲ್ಲ ಕೇಳಿಕೊಂಡರು. "ಇನ್ನ ಏನೂ ಹಚ್ಚಬ್ಯಾಡ," ಎಂದರು. "ಜೆಲ್ ಅಂತೂ ಮುಟ್ಟಲೇಬ್ಯಾಡ, ವಸಡು ಸುಟ್ಟದ. ಹಲ್ಲೇನ ಹಾಳಾಗಿಲ್ಲ, ಬಣ್ಣಾ ಒಳಗ ಇಳದದ. ಲಗ್ನಾ ಮುಗಿಸ್ಕೊಂಡು ಬಾ, ಹಗೂರಕ ತಗದು ಕೊಡ್ತೀನಿ. ನಾಳೆ ಒಂದು ದಿನಾ ಬಾಯಿ ಮುಚ್ಕೊಂಡ ಇರು."

ನಾಳೆ ಒಂದು ದಿನ. ಅವಳಿಗೆ ಬೇಕಾಗಿದ್ದುದು ಆ ಒಂದು ದಿನವೇ ಆಗಿತ್ತು, ಡಾಕ್ಟರಿಗೆ ಅದೇನು ಗೊತ್ತು? ಸಾನಿಯಾ ಹಿತ್ತಲಿನ ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಳುವಾಗಲೂ ತುಟಿ ತೆರೆಯಲಿಲ್ಲ.

ಪಡಸಾಲೆಗೆ ಬಂದಾಗ ಪೀರಾಂಬಿ ಹೊರಸಿನ ಮೇಲೆ ನಿರಾಳವಾಗಿ ಕಾಲು ಚಾಚಿ ಕೂತಿದ್ದಳು.

"ಬಾ ಸಾನಿಯಾ," ಎಂದಳು.

ಎಷ್ಟೋ ದಿನಗಳ ಮೇಲೆ ಅಜ್ಜಿಯ ಬಾಯಲ್ಲಿ ತನ್ನ ಹೆಸರು. ಸಾನಿಯಾಳಿಗೆ ಸಿಟ್ಟು ಬಂತು. "ಈಗ ನಾ ಸಾನಿಯಾ ಆದ್ನೇನ? ಮತ್ತ ಆಕಿ ಎಲ್ಲಿ ಹೋದ್ಲು?"

"ಇನ್ನ ನಿನ್ನ ಬಾಯಾಗ ಆಕಿಗೆ ಜಾಗ ಇಲ್ಲ." ಮುದುಕಿ ಸೆರಗಿನಿಂದ ಬೆರಳ ಕಪ್ಪು ಒರೆಸಿಕೊಂಡಳು. "ಹೊರಗ ನಿಂತಾಳ. ನಿಲ್ಲಲಿ."

ಮರುದಿನ ಮಧ್ಯಾಹ್ನ ಟಿಕೋಟಾದಲ್ಲಿ ನಿಕಾಹ್ ಆಯಿತು. ಹೂವಿನ ಪರದೆಯ ಹಿಂದೆ ಸಾನಿಯಾ ತುಟಿ ತೆರೆಯದೆ ಹೂಂ ಎಂದಳು. ಎಂಥ ನಾಚಿಕೆಯ ಹುಡುಗಿ ಎಂದು ಹೊಗಳಿಕೆ ಮತ್ತೆ ಬಂತು. ಬೀಳ್ಕೊಡುವಾಗ ಎಲ್ಲರೂ 'ನಗುನಗುತ್ತ ಹೋಗು' ಎಂದರು. ಪೀರಾಂಬಿ ಹಾಗೆನ್ನಲಿಲ್ಲ, ತಲೆಯನ್ನಷ್ಟೇ ಸವರಿದಳು. ಕಾರು ಬಬಲೇಶ್ವರದ ದಾರಿ ಹಿಡಿಯಿತು. ಮುಂದಿನ ಸೀಟಿನಲ್ಲಿ ಕೂತಿದ್ದ ತೌಸೀಫ ಹಿಂದಿರುಗಿ ನೋಡುವ ಧೈರ್ಯವಿಲ್ಲದೆ ಕಿವಿ ಕೆಂಪು ಮಾಡಿಕೊಂಡಿದ್ದ. ಅವನ ಆ ಕೆಂಪು ಕಿವಿ ನೋಡಿ ಸಾನಿಯಾಳ ಎದೆ ಹಗುರಾಯಿತು. ಹೇಳಿಬಿಡುತ್ತೇನೆ ಎಂದುಕೊಂಡಳು. ಇಬ್ಬರೇ ಇರುವ ಮೊದಲ ಗಳಿಗೆಯಲ್ಲೇ, ಜೆಲ್ಲು, ಮಿಸ್ಸಿ, ಸುರೈಯಾ, ಒಂದನ್ನೂ ಬಚ್ಚಿಡದೆ ಹೇಳಿಬಿಡುತ್ತೇನೆ. ನಗಲಾಗದಿದ್ದರೂ ಅವನ ಹತ್ತಿರ ಅಳಬಹುದಲ್ಲ.

ಆ ಗಳಿಗೆ ಬೇಗನೇ ಬಂತು. ಗಂಡಿನ ಮನೆಯಲ್ಲಿ ಜಲ್ವಾ ಎಂಬ ಶಾಸ್ತ್ರ. ಹೆಣ್ಣು ಗಂಡನ್ನು ಜೋಡಿಯಾಗಿ ಕೂರಿಸಿ, ಇಬ್ಬರ ತಲೆಯ ಮೇಲೂ ಒಂದೇ ಕೆಂಪು ಶಾಲು ಹೊದಿಸಿ, ನಡುವೆ ಕನ್ನಡಿ ಇಡುತ್ತಾರೆ. ಮುಖಕ್ಕೆ ಮುಖ ನೇರ ನೋಡುವಂತಿಲ್ಲ. ಕನ್ನಡಿಯಲ್ಲಿ ಕಂಡದ್ದೇ ಮೊದಲ ನೋಟ. ಶಾಲಿನ ಹೊರಗೆ ಹೆಂಗಸರ ಗದ್ದಲ, ಒಳಗೆ ಮಲ್ಲಿಗೆಯ ವಾಸನೆ, ಅತ್ತರು, ಅದರ ಅಡಿಯಲ್ಲಿ ಸಣ್ಣಗೆ ವಾರ್ನಿಷು.

ಸಾನಿಯಾ ಕಣ್ಣು ತಗ್ಗಿಸಿ ಮಡಿಲಲ್ಲಿನ ತನ್ನ ಕೈಗಳನ್ನು ನೋಡುತ್ತಿದ್ದಳು. ತುಟಿ ಒಳಗೆಳೆದು ಕಚ್ಚಿ ಹಿಡಿದಿದ್ದಳು. ಹೇಗೆ ಶುರು ಮಾಡಲಿ, ತುಟಿ ಬಿಚ್ಚದೆ ಹೇಗೆ ಪಿಸುಗುಟ್ಟಲಿ ಎಂದು ಮನಸ್ಸಿನಲ್ಲೇ ಮಾತು ಹೊಂದಿಸುತ್ತಿರುವಾಗ ಪಕ್ಕದಲ್ಲಿ ತೌಸೀಫನ ಉಸಿರು ಒಮ್ಮೆ ನಿಂತು ಮತ್ತೆ ಬಂತು.

"ಇಷ್ಟ ದಿನಾ ಇದನ್ಯಾಕ ಮುಚ್ಚಿಟ್ಟಿದ್ದಿ?" ಎಂದ, ಅವಳಿಗಷ್ಟೇ ಕೇಳುವಂತೆ.

ಅವಳಿಗೆ ಅರ್ಥವಾಗಲಿಲ್ಲ. ಕನ್ನಡಿಯತ್ತ ಬಾಗಿದ ಅವನನ್ನು ಓರೆಗಣ್ಣಿನಿಂದ ನೋಡಿದಳು. ಅವನ ಮುಖದ ಮೇಲೆ ಇದ್ದ ಪ್ರೀತಿಯನ್ನು ಅವಳು ಯಾವ ವಿಡಿಯೋ ಕಾಲಿನಲ್ಲೂ ಕಂಡಿರಲಿಲ್ಲ.

ಹೊರಗಿನಿಂದ ಅವನ ಅಕ್ಕ ಶಾಲನ್ನು ಜಗ್ಗಿದಳು. "ಏನ್ ಕಂಡಿ ಹೇಳು ತಮ್ಮಾ. ಹೇಳದ ಹೊರಗ ಬಿಡೂದಿಲ್ಲ."

"ನಗಾಕತ್ತಾಳ ಅಕ್ಕಾ," ಎಂದ ತೌಸೀಫ. "ನೀ ಸುಳ್ಳ ಹೇಳಿದ್ದಿ. ಇಷ್ಟ ಬೆಳ್ಳನ ಹಲ್ಲ ನಾ ಎಲ್ಲೂ ನೋಡಿಲ್ಲ."

ಹೆಂಗಸರು ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಸಾನಿಯಾ ಕನ್ನಡಿ ನೋಡಲಿಲ್ಲ. ನೋಡುವ ಎದೆ ಅವಳಿಗಿರಲಿಲ್ಲ. ನಾನು ನಕ್ಕಿಲ್ಲ ಎಂದು ಹೇಳಬೇಕಾಗಿತ್ತು, ಹೇಳಲು ಬಾಯಿ ತೆರೆಯಬೇಕಾಗಿತ್ತು. ಕಚ್ಚಿದ ತುಟಿಯಿಂದ ರಕ್ತ ಒಸರಿ ನಾಲಿಗೆಗೆ ಉಪ್ಪುಪ್ಪು ತಾಗಿತು.

ತೌಸೀಫ ಕನ್ನಡಿಗೆ ಇನ್ನಷ್ಟು ಹತ್ತಿರ ಬಾಗಿದ.

"ಇನ್ನೊಮ್ಮೆ ನಗು," ಎಂದು ಕೇಳಿಕೊಂಡ.

ಸಾನಿಯಾ ತುಟಿ ಬಿಚ್ಚಲಿಲ್ಲ. ಅವನ ಮುಖ ಮಾತ್ರ ಅರಳಿತು.